ಹಸಿರು ಬೋಗುಣಿಯ ಹಮ್ಮಸ್

ಕಡಲೆಗೆ ಬಾಯಿದ್ದಿದ್ದರೆ ಹಿಂದಿನ ಸಂಜೆಯೇ "ಅಯ್ಯಾ, ನನ್ನನ್ನು ನೀರಿಗೆ ಹಾಕೋ" ಎಂದು ಕೂಗಿ ಹೇಳುತ್ತಿತ್ತು. ಬಾಯಿರಲಿಲ್ಲ. ಹಾಗಾಗಿ ಬೆಳಗ್ಗೆ ಗಾರೆಯಣ್ಣ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದಾಗ, ಬಿಳಿ ಕಡಲೆಗಳು ಕಲ್ಲಿನಂತೆ ಒಣಗಿ, ಮುಖ ಸುಕ್ಕುಗಟ್ಟಿಸಿಕೊಂಡು, ಬೊಚ್ಚುಬಾಯಿ ಮುದುಕರ ಸಭೆಯಂತೆ ಅವನನ್ನೇ ನೋಡುತ್ತಿದ್ದವು. ಪಕ್ಕದಲ್ಲೇ ನೀರು ತುಂಬಿದ ತಂಬಿಗೆ. ತಂಬಿಗೆ ತಂದಿಟ್ಟಿದ್ದ, ಸುರಿಯುವುದನ್ನು ಮರೆತಿದ್ದ.

"ಮುಗೀತು ನನ್ ಕತೆ" ಎಂದು ಅವನು ಅಲ್ಲೇ ನೆಲದ ಮೇಲೆ ಕೂತ.

ಗಾರೆಯಣ್ಣ ಕಟ್ಟಡ ಕಟ್ಟುವವನಲ್ಲ. ಹಲ್ಲಿನ ಆಸ್ಪತ್ರೆಯೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ರೋಗಿಗಳ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಹಲ್ಲಿನ ಸೆಟ್ ಮಾಡುವವನು. ಸಂಜೆ ಹೊತ್ತಿಗೆ ಹುಬ್ಬು, ಮೀಸೆ, ಕಿವಿ ಎಲ್ಲ ಬೆಳ್ಳಗಾಗಿ, ಸುಣ್ಣದ ಡಬ್ಬದಿಂದ ಎದ್ದುಬಂದವನ ಹಾಗೆ ಕಾಣುತ್ತಿದ್ದ. ಅದಕ್ಕೇ ಆ ಹೆಸರು. ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಯಲ್ಲೊಂದು ಫ್ಯಾನ್ ಇದೆ, ಅದು ಧೂಳನ್ನು ಹೊರಗೆ ಎಸೆಯುವುದಿಲ್ಲ, ಸುಮ್ಮನೆ ಅದಕ್ಕೆ ಜೋಗುಳ ಹಾಡುತ್ತದೆ. ಮದುವೆಗೂ ಮುಂಚಿನಿಂದ ಅವನು ಕೆಮ್ಮುತ್ತಿದ್ದಾನೆ.

ಈಗ ಮೇಲಿನ ಮಹಡಿಯಲ್ಲಿ ಹೊಸ ಕೋಣೆಯೊಂದು ಸಿದ್ಧವಾಗಿತ್ತು. ಅದಕ್ಕೆ ಗೋಡೆಯಗಲದ ಕಿಟಕಿ, ಕಿಟಕಿಗೆ ತಾಗಿದ ಮರ, ಮರದಲ್ಲೊಂದು ಅಳಿಲು. ಅಜ್ಜಿ ಕತೆಗಳಲ್ಲಿ ರಾಕ್ಷಸನ ಜೀವ ಗಿಣಿಯೊಳಗೆ ಇರುವಂತೆ, ಗಾರೆಯಣ್ಣನ ಜೀವವೆಲ್ಲ ಆ ಅಳಿಲಿನೊಳಗೆ ಸೇರಿಕೊಂಡಿತ್ತು. ಆದರೆ ಕೋಣೆಯಲ್ಲಿ ಜಾಗ ಒಬ್ಬರಿಗೆ ಮಾತ್ರ. ಕೆಳಗಿದ್ದವರು ಇಬ್ಬರು: ಇವನು ಮತ್ತು ಪಾಲಿಶ್. ಪಾಲಿಶ್ ಸಿದ್ಧವಾದ ಸೆಟ್ಟುಗಳಿಗೆ ಹೊಳಪು ಕೊಡುವ ಹುಡುಗಾಟದ ಆಸಾಮಿ. ಹಲ್ಲಿಗಿಂತ ಹೆಚ್ಚಾಗಿ ಮಾತಿಗೆ ಹೊಳಪು ಕೊಡುತ್ತಿದ್ದ.

ಆಸ್ಪತ್ರೆಯ ಒಡತಿ ಡಾಕ್ಟರಮ್ಮ ಹೇಳಿಬಿಟ್ಟಿದ್ದರು: "ಹೊಸ ಕೋಣೇಲಿ ಊಟ ಮಾಡೋ ದಿನವೇ ಹೇಳ್ತೀನಿ, ಅದು ಯಾರಿಗೆ ಅಂತ. ಎಲ್ಲರೂ ಮನೇಲೇ ಮಾಡಿದ್ದು ತನ್ನಿ. ಸಕ್ಕರೆ ಕಂಡ್ರೆ ಹಲ್ಲು ಕಿತ್ತುಹಾಕ್ತೀನಿ. ನನಗಂತೂ ಒಳ್ಳೇ ಹಮ್ಮಸ್ಸು, ಜೊತೆಗೆ ಹಸೀ ತರಕಾರಿ ಇದ್ರೆ ಸಾಕು. ಹಮ್ಮಸ್ಸನ್ನ ನಯವಾಗಿ ಅರೆಯೋ ತಾಳ್ಮೆ ಇರೋನಿಗೆ ಹಲ್ಲು ಮಾಡೋ ತಾಳ್ಮೆನೂ ಇರತ್ತೆ."

ಇಂದೇ ಆ ದಿನ. ಹಮ್ಮಸ್ಸಿಗೆ ಅರೆಯಬೇಕಾದ ಕಡಲೆ ನೆಂದಿರಲಿಲ್ಲ.

"ಕೂತ್ರೆ ನೆನೆಯತ್ತೇನ್ರೀ?" ಎಂದಳು ಹೆಂಡತಿ. "ಆ ಕತ್ತಲೆ ಕೋಣೇಲಿ ಕೂತು ಕೆಮ್ಮೋರು ನೀವು, ನಿದ್ದೆ ಕೆಡೋದು ನಂದು. ಏಳಿ, ಬಿಸಿನೀರಿಗೆ ಹಾಕಿ, ಸೋಡಾ ಹಾಕಿ, ಕುಕ್ಕರ್ ಇಡಿ. ಕಿಟಕಿ ತಗೊಂಡೇ ಬರ್ಬೇಕು ಇವತ್ತು."

ಕುಕ್ಕರ್ ಕೂಗಿತು. ಮತ್ತೆ ಕೂಗಿತು. ರೈಲು ನಿಲ್ದಾಣದ ಪಕ್ಕದ ಮನೆಯಲ್ಲೂ ಅಷ್ಟು ಕೂಗು ಕೇಳಿಸಲಿಕ್ಕಿಲ್ಲ. ಕೊನೆಗೆ ಮೇಲಿನ ಮನೆಯ ನಿವೃತ್ತ ಟೀಚರಮ್ಮ ಇಳಿದು ಬಂದರು, ಎದುರು ಮನೆಯ ಟೈಲರ್ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬಂದ.

"ಯಾರಿಗೆ ಏನಾಯ್ತಪ್ಪ?" ಎಂದರು ಟೀಚರಮ್ಮ.

"ಕಡಲೆ ಬೇಯ್ತಿದೆ ಟೀಚರ್. ಹಮ್ಮಸ್ ಮಾಡ್ಬೇಕು."

"ಅದೇನು ಬ್ರಹ್ಮವಿದ್ಯೆನಾ? ಕಡಲೆ, ಎಳ್ಳು, ಬೆಳ್ಳುಳ್ಳಿ, ನಿಂಬೆಹಣ್ಣು. ಸರಿ ಜರುಗು" ಎಂದು ಅವರು ತರಗತಿಗೆ ನುಗ್ಗುವಂತೆ ಅಡುಗೆಮನೆಗೆ ನುಗ್ಗಿದರು. ಅರೆದ ಮೊದಲ ಸುತ್ತನ್ನು ಬೆರಳಲ್ಲಿ ನೆಕ್ಕಿ, "ಉಪ್ಪೇ ಇಲ್ಲವಲ್ಲೋ!" ಎಂದು ಒಂದು ಹಿಡಿ ಸುರಿದೇಬಿಟ್ಟರು.

ಗಾರೆಯಣ್ಣ ಆಗಲೇ ಹಾಕಿದ್ದ. ಈಗ ಅದು ಸಮುದ್ರವಾಯಿತು.

"ಉಪ್ಪಿಗೆ ಹುಳಿನೇ ಮದ್ದು" ಎಂದ ಟೈಲರ್, ಬುಟ್ಟಿಯಲ್ಲಿದ್ದ ನಿಂಬೆಹಣ್ಣನ್ನೆಲ್ಲ ಹಿಂಡಿದ. ಬಾಯಿಗಿಟ್ಟರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಹುಳಿ ತಗ್ಗಿಸಲು ಹೆಂಡತಿ ಡಬ್ಬಿಯಲ್ಲಿ ಉಳಿದ ಕಡಲೆಯನ್ನೂ ಕುಕ್ಕರಿಗೆ ಹಾಕಿದಳು. ಅದಕ್ಕೆ ತಕ್ಕ ಎಳ್ಳು ಬೇಕಲ್ಲ, ಟೀಚರಮ್ಮ ತಮ್ಮ ಮನೆಯಿಂದ ತಂದರು. ಎಳ್ಳು ಹೆಚ್ಚಾಗಿ ಕಹಿ ಬಂತು, ಮತ್ತೆ ಕಡಲೆ. ಬಡವನ ಮನೆಯ ಮಾಯದ ಮಡಕೆಯಲ್ಲಿ ಅನ್ನ ಉಕ್ಕಿ ಉಕ್ಕಿ ಬೀದಿಗೆ ಹರಿದ ಕತೆ ಗೊತ್ತಲ್ಲ, ಹಾಗೆ ಒಂದು ಬಟ್ಟಲ ಹಮ್ಮಸ್ ಒಂದು ದೊಡ್ಡ ಡಬ್ಬಿಯಷ್ಟಾಯಿತು. ರುಚಿ ಮಾತ್ರ, ಎಲ್ಲ ತಪ್ಪುಗಳೂ ಒಂದಕ್ಕೊಂದು ಗುದ್ದಾಡಿ ಸುಸ್ತಾದ ಮೇಲೆ, ಅದು ಹೇಗೋ ಹದಕ್ಕೆ ಬಂದಿತ್ತು.

"ಇನ್ನೊಂದು ಸುತ್ತು ಅರೆದ್ರೆ ಬೆಣ್ಣೆ" ಎಂದರು ಟೀಚರಮ್ಮ.

ಮಿಕ್ಸಿ ಗರ್ ಎಂದಿತು, ಗುರ್ ಎಂದಿತು, ಸಣ್ಣಗೆ ಹೊಗೆ ಬಿಟ್ಟು ಕಣ್ಮುಚ್ಚಿತು.

ಡಬ್ಬಿಯೊಳಗೆ ಇಣುಕಿದ ಟೈಲರ್ ಮೀಸೆಯಲ್ಲೇ ನಕ್ಕ. "ತರಿತರಿಯಾಗಿದೆ ಗಾರೆಯಣ್ಣ. ಊಟಕ್ಕೆ ಬೇಡ, ರಸ್ತೆ ಗುಂಡಿಗೆ ಚೆನ್ನಾಗಿ ಕೂರತ್ತೆ."

ಗಾರೆಯಣ್ಣನಿಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು, ತರಕಾರಿ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದ. ದಾರಿಯುದ್ದಕ್ಕೂ ಮರದ ಅಳಿಲು ಅವನ ಕಣ್ಣ ಮುಂದೆಯೇ ಹಾರಿ, ಒಂದೊಂದು ನಿಲ್ದಾಣಕ್ಕೂ ಇನ್ನಷ್ಟು ದೂರದ ಕೊಂಬೆಗೆ ಹೋಗುತ್ತಿತ್ತು.

ಕೋಣೆಗೆ ಬಂದಾಗ ಪಾಲಿಶ್ ಕಪ್ಪು ಬೋಗುಣಿಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದ. ಹಲ್ಲಿನವರ ಬೋಗುಣಿ ರಬ್ಬರಿನದು, ಹಿಸುಕಿದರೆ ಬಾಗುತ್ತದೆ. ಅದರ ಗೋಡೆಗೆ ಚಪ್ಪಟೆ ಚಮಚದಿಂದ ಒತ್ತಿ ಒತ್ತಿ ಕಲಸಿದರೆ ಒಂದು ತರಿ, ಒಂದು ಗುಳ್ಳೆ ಉಳಿಯುವುದಿಲ್ಲ. ಪಾಲಿಶ್ ಕಲಸುತ್ತಿದ್ದುದು ಹಳದಿ ಛಾಯೆಯ ಗಟ್ಟಿ ಪ್ಲಾಸ್ಟರ್. ಗಾರೆಯಣ್ಣ ಅದನ್ನು ನೋಡಿದ, ತನ್ನ ಡಬ್ಬಿಯನ್ನು ನೋಡಿದ. ಬಣ್ಣ ಒಂದೇ!

ಅವನ ಮುಖ ಬೆಳಗಿತು. ಕಪಾಟಿನಲ್ಲಿ ಹೊಸದೊಂದು ಹಸಿರು ಬೋಗುಣಿಯಿತ್ತು, ಇನ್ನೂ ಪ್ಲಾಸ್ಟರಿನ ಮುಖ ನೋಡದ್ದು. ಅದನ್ನು ತೊಳೆದ, ಬಿಸಿನೀರಲ್ಲಿ ಮತ್ತೆ ತೊಳೆದ. ಅರ್ಧ ಹಮ್ಮಸ್ ಹಾಕಿ, ಒತ್ತಿ, ತಿರುವಿ, ಒತ್ತಿ, ತಿರುವಿ ಕಲಸಿದ. ಬಾಳೆಲ್ಲ ಪ್ಲಾಸ್ಟರಿಗೆ ಕೊಟ್ಟ ಕೈ, ಕಡಲೆಗೆ ಸೋತೀತೇ? ನೋಡನೋಡುತ್ತ ಅದು ರೇಷ್ಮೆಯಾಯಿತು. ಡಬ್ಬಿಯಲ್ಲಿ ಉಳಿದ ತರಿಯನ್ನು ಮನೆಯಿಂದ ತಂದ ಗಾಜಿನ ಬಟ್ಟಲಿಗೆ ತೆಗೆದಿಟ್ಟು, ಆ ಅರ್ಧವನ್ನು ಡಬ್ಬಿಗೆ ತುಂಬಿದ, ಆಮೇಲೆ ತರಿಯನ್ನು ಬೋಗುಣಿಗೆ ಹಾಕಿ ಅದನ್ನೂ ನಯ ಮಾಡಿ, ಬಟ್ಟಲು ತೊಳೆದಿಟ್ಟ.

"ಅಣ್ಣಾ, ಅದೇನು ಕಲಸ್ತಿದೀಯಾ? ಯಾರ ದವಡೆ?" ಎಂದ ಪಾಲಿಶ್.

"ಡಾಕ್ಟರಮ್ಮಂದು. ಮುಟ್ಬೇಡ, ಹಮ್ಮಸ್ಸು."

"ಅಬ್ಬಾ! ನಾನು ಬಾಳೆಹಣ್ಣು ತಂದೆ. ಯಾರಪ್ಪ ಅಷ್ಟೆಲ್ಲ ಒದ್ದಾಡ್ತಾರೆ."

ಗಾರೆಯಣ್ಣ ತರಕಾರಿ ಹಿಡಿದ. ಕ್ಯಾರೆಟ್, ಮೂಲಂಗಿ, ಸೌತೆಕಾಯಿ. ಉದ್ದುದ್ದ ಕಡ್ಡಿ ಸೀಳಬೇಕೆಂದುಕೊಂಡಿದ್ದ, ಆದರೆ ಕೈಗೆ ಸಿಕ್ಕಿದ್ದು ಮೇಣದ ಹಲ್ಲು ಕೆತ್ತುವ ಚಾಕು. ಚಾಕು ತನಗೆ ತಿಳಿದ ದಾರಿಯಲ್ಲೇ ಹೋಯಿತು. ಗಮನಿಸುವಷ್ಟರಲ್ಲಿ ಕ್ಯಾರೆಟ್ಟುಗಳೆಲ್ಲ ಕೋರೆಹಲ್ಲಾಗಿದ್ದವು, ಮೂಲಂಗಿಗಳು ದವಡೆಹಲ್ಲಾಗಿದ್ದವು. ಸೌತೆಕಾಯಿ ಮಾತ್ರ ನೀರೊಡೆದುಕೊಂಡು, ವಸಡಿನಂತೆ ಸುತ್ತ ಮಲಗಿತ್ತು. ಬೇರೆ ತರಕಾರಿ ಇರಲಿಲ್ಲ. ಅದನ್ನೇ ತಟ್ಟೆಯಲ್ಲಿ ಜೋಡಿಸಿದ.

ಅಷ್ಟರಲ್ಲಿ ಮೇಲಿಂದ ಗಂಟೆ ಮೊಳಗಿತು. ಹೊಸ ಸೆಟ್ ಹಾಕಿಸಿಕೊಂಡ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಕೂತು ಬೈಯುತ್ತಿದ್ದರು. "ಇದು ನಂದಲ್ಲಪ್ಪ, ನಾನು ನಗೋಕೆ ಮುಂಚೆನೇ ಇದು ನಗತ್ತೆ!" ಅದನ್ನು ಉಜ್ಜಿ, ಹಾಕಿ, ತೆಗೆದು, ಮತ್ತೆ ಉಜ್ಜಿ, ಅಜ್ಜಿ ಮತ್ತು ಹಲ್ಲು ಒಟ್ಟಿಗೆ ನಗುವಂತೆ ಮಾಡಿ ಅವನು ಕೆಳಗೆ ಓಡಿ ಬಂದಾಗ, ಕೋಣೆಯಲ್ಲಿ ಪಾಲಿಶ್ ಇರಲಿಲ್ಲ. ತರಕಾರಿ ತಟ್ಟೆ ಇರಲಿಲ್ಲ. ಮನೆಯಿಂದ ತಂದ ಗಾಜಿನ ಬಟ್ಟಲೂ ಇರಲಿಲ್ಲ.

ನೆಲ ಒರೆಸುತ್ತಿದ್ದ ಆಯಾ ಹೇಳಿದಳು: "ನಿಮ್ ಹಮ್ಮಸ್ಸು ಪಾಲಿಶ್ ಅಣ್ಣ ಬಟ್ಟಲಿಗೆ ಹಾಕ್ಕೊಂಡು ಮೇಲೆ ತಗೊಂಡು ಹೋಯ್ತು. ಪಾಪ, ಒಳ್ಳೇದು."

ಗಾರೆಯಣ್ಣ ಮೇಜಿನತ್ತ ತಿರುಗಿದ. ಹಸಿರು ಬೋಗುಣಿ ತುಂಬ ಹಮ್ಮಸ್, ಅವನು ಬಿಟ್ಟು ಹೋದಂತೆಯೇ. ಬೆರಳಿಟ್ಟ, ಮೂಸಿದ. ಬೆಳ್ಳುಳ್ಳಿ. ಹಾಗಾದರೆ ಮೇಲೆ ಹೋದದ್ದು?

ಕಪ್ಪು ಬೋಗುಣಿ ಮೇಜಿನ ಮೇಲಿರಲಿಲ್ಲ.

ಆ ಪ್ಲಾಸ್ಟರಿನ ಗುಣ ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಮೊದಲು ಬೆಣ್ಣೆ, ಆಮೇಲೆ ಬೆಚ್ಚಗಾಗುತ್ತದೆ, ಆಮೇಲೆ ಸುತ್ತಿಗೆ ಬೇಕು. ಡಾಕ್ಟರಮ್ಮನ ಬಾಯಲ್ಲಿ ಅದು ಈಗ ಯಾವ ಹಂತದಲ್ಲಿದೆಯೋ! ಕಿಟಕಿ ಹೋಯಿತು, ಮರ ಹೋಯಿತು, ಕೆಲಸ ಹೋಯಿತು. ನಾಳೆ ಪೊಲೀಸರು ಬರುತ್ತಾರೆ, ಜೈಲಿಗಾದರೂ ಒಂದು ಕಿಟಕಿ ಇರುತ್ತದೋ ಏನೋ.

ಡಬ್ಬಿಯ ಮುಚ್ಚಳ ಎತ್ತಿ ನೋಡುವ ಬುದ್ಧಿ ಅವನಿಗೆ ಬರಲಿಲ್ಲ. ಎರಡೆರಡು ಮೆಟ್ಟಿಲು ಹಾರುತ್ತ ಮೇಲಕ್ಕೆ ಓಡಿದ.

ಹೊಸ ಕೋಣೆಯಲ್ಲಿ ಎಲ್ಲರೂ ನಿಶ್ಶಬ್ದವಾಗಿ ನಿಂತಿದ್ದರು. ಕಿಟಕಿಯಿಂದ ಬಿಸಿಲು ಸುರಿಯುತ್ತಿತ್ತು. ಗಾಜಿನ ಬಟ್ಟಲಿನ ನಡುವೆ ಕ್ಯಾರೆಟ್ಟಿನ ಕೋರೆಹಲ್ಲೊಂದು ಕಂಬದಂತೆ ನೆಟ್ಟಗೆ ನಿಂತಿತ್ತು, ಅಲುಗುತ್ತಿರಲಿಲ್ಲ. ಡಾಕ್ಟರಮ್ಮ ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ದವಡೆ ಬಿಗಿಹಿಡಿದು ನಿಂತಿದ್ದರು.

'ಗಟ್ಟಿಯಾಯ್ತು' ಎಂದುಕೊಂಡ ಗಾರೆಯಣ್ಣ.

ಡಾಕ್ಟರಮ್ಮ ಕಷ್ಟಪಟ್ಟವರಂತೆ ನುಂಗಿ, ನಿಧಾನವಾಗಿ ಕಣ್ಣು ತೆರೆದರು. "ಇದನ್ನ ಕಲಸಿದ್ದು ಯಾರು?"

ಪಾಲಿಶ್ ಬಾಯಿ ತೆರೆಯುವ ಮೊದಲೇ ಗಾರೆಯಣ್ಣನ ನಾಲಿಗೆ ತನ್ನಷ್ಟಕ್ಕೆ ಓಡಿತು. "ನಾನಲ್ಲ ಮೇಡಂ! ಪಾಲಿಶ್. ನಾನು ಆಗ ಕೆಳಗೇ ಇರ್ಲಿಲ್ಲ, ಅಜ್ಜಿ ಹಲ್ಲು ಉಜ್ತಿದ್ದೆ. ಬೇಕಾದ್ರೆ ಅಜ್ಜಿನೇ ಕೇಳಿ."

"ಈ ಹಲ್ಲು ಕೆತ್ತಿದ್ದು?"

"ಅದೂ ಅವ್ನೇ! ನಾನು ಮೂಲಂಗಿ ಮುಟ್ಟೇ ಇಲ್ಲ ಮೇಡಂ, ನಮ್ಮ ತಾಯಾಣೆ."

ಪಾಲಿಶ್ ಇವನನ್ನು ನೋಡಿದ. ಡಾಕ್ಟರಮ್ಮನನ್ನು ನೋಡಿದ. ಆಮೇಲೆ ಮದುಮಗಳ ಹಾಗೆ ತಲೆ ತಗ್ಗಿಸಿದ.

"ಭೇಷ್!" ಎಂದರು ಡಾಕ್ಟರಮ್ಮ. "ನನ್ನ ಜನ್ಮದಲ್ಲೇ ಇಂಥ ಹಮ್ಮಸ್ ತಿಂದಿಲ್ಲ. ಒಂದು ತರಿ ಇಲ್ಲ, ಒಂದು ಗುಳ್ಳೆ ಇಲ್ಲ. ಈ ದವಡೆಹಲ್ಲು ನೋಡ್ರಿ, ಗೀರು ಸಮೇತ! ಪಾಲಿಶ್, ನಿನ್ನ ಕೈಯಲ್ಲಿ ಇಷ್ಟಿದೆ ಅಂತ ಗೊತ್ತೇ ಇರ್ಲಿಲ್ಲ ಕಣಯ್ಯ. ಈ ಕೋಣೆ ನಿಂದು."

ಚಪ್ಪಾಳೆ ಬಿತ್ತು. ಕಿಟಕಿಯಾಚೆ ಅಳಿಲು ಬೆಚ್ಚಿ ಒಳಕೊಂಬೆಗೆ ಹಾರಿತು.

"ಮೇಡಂ, ಅದು... ನಿಜವಾಗಿ ನಾನೇ..." ಎಂದ ಗಾರೆಯಣ್ಣ.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಥೂ, ಈಗ್ತಾನೆ ತಾಯಾಣೆ ಹಾಕಿದ್ರಿ. ಹೊಗಳಿಕೆ ಬಂದ ತಕ್ಷಣ ಇನ್ನೊಬ್ಬರ ಶ್ರಮಕ್ಕೆ ಕೈಚಾಚೋದಾ? ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಗಾರೆಯಣ್ಣ."

ಅವನು ಕೆಳಗಿಳಿದು ಬಂದ. ನಲ್ಲಿಯ ಬುಡದಲ್ಲಿ ಕಪ್ಪು ಬೋಗುಣಿ ತೊಳೆದು ಬೋರಲು ಹಾಕಿತ್ತು. ಅಚ್ಚಿನೊಳಗೆ ಪ್ಲಾಸ್ಟರ್ ತನ್ನ ಪಾಡಿಗೆ ಗಟ್ಟಿಯಾಗಿ ಕೂತಿತ್ತು. ಡಬ್ಬಿ ಬರಿದಾಗಿತ್ತು. ಹಸಿರು ಬೋಗುಣಿಯಿಂದ ಒಂದು ಬೆರಳು ತೆಗೆದು ಬಾಯಿಗಿಟ್ಟುಕೊಂಡ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಅಯ್ಯೋ, ಎಷ್ಟು ಚೆನ್ನಾಗಿತ್ತು! ಅದಕ್ಕೇ ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು.

ಸ್ವಲ್ಪ ಹೊತ್ತಿಗೆ ಪಾಲಿಶ್ ತನ್ನ ಸಾಮಾನು ಒಯ್ಯಲು ಬಂದ.

"ಅಣ್ಣಾ, ನನ್ನ ಬೈಬೇಡ. ನಿಂದು ಅಂತ ಹೇಳೋಕೇ ಬಾಯಿ ತೆಗ್ದಿದ್ದೆ. ನೀನು ತಾಯಾಣೆ ಹಾಕಿಬಿಟ್ಟೆ. ದೊಡ್ಡೋರ ಆಣೆ ನಾನು ಮುರಿಯೋದಾ?"

ಗಾರೆಯಣ್ಣ ಹಸಿರು ಬೋಗುಣಿಯಿಂದ ಇನ್ನೊಂದು ಬೆರಳು ನೆಕ್ಕಿದ.

"ಇನ್ನೊಂದು ವಿಷ್ಯ ಅಣ್ಣಾ. ಅಲ್ಲಿ ಅಳಿಲು ಒಂದಲ್ಲ, ಎರಡಿವೆ." ಬಾಗಿಲ ತನಕ ಹೋದವನು ಮತ್ತೆ ತಲೆ ಒಳಗೆ ಹಾಕಿದ. "ಮತ್ತೆ ಡಾಕ್ಟರಮ್ಮ ನಾಳೆ ನೆಂಟರನ್ನ ಕರೆದಿದಾರಂತೆ. ನಾನು ಹಮ್ಮಸ್ ತರ್ಬೇಕಂತೆ. ನಾನು ಮಾಡಿದ್ರೆ ಗೊತ್ತಾಗೋಗತ್ತೆ. ಆಗ ನೀನು ಸುಳ್ಳಾಣೆ ಹಾಕಿದ್ದೂ ಗೊತ್ತಾಗತ್ತೆ. ಕೆಲ್ಸಕ್ಕೇ ಕುತ್ತು, ಅಲ್ವಾ ಅಣ್ಣಾ?"

ಸಂಜೆ ಮನೆ ಬಾಗಿಲಲ್ಲಿ ಹೆಂಡತಿ, ಟೀಚರಮ್ಮ, ಟೈಲರ್ ಮೂವರೂ ಕಾಯುತ್ತಿದ್ದರು. "ಡಾಕ್ಟರಮ್ಮನಿಗೆ ಹಿಡಿಸ್ತಾ?" ಎಂದು ಮೂವರೂ ಒಟ್ಟಿಗೆ ಕೇಳಿದರು.

"ತುಂಬಾ."

"ಹಾಗಾದ್ರೆ ಕಿಟಕಿ ಸಿಕ್ತು!" ಎಂದಳು ಹೆಂಡತಿ.

ಗಾರೆಯಣ್ಣ ಅವರ ನಡುವೆ ಹಾದು ಅಡುಗೆಮನೆಗೆ ಹೋದ. ದಾರಿಯಲ್ಲಿ ಕೊಂಡು ತಂದ ಕಡಲೆಯನ್ನು ಪಾತ್ರೆಗೆ ಹಾಕಿದ. ತಂಬಿಗೆ ಬೆಳಗಿನಿಂದ ಅಲ್ಲೇ ಇತ್ತು, ತುಂಬಿದ್ದು ತುಂಬಿದಂತೆಯೇ.

ಈ ಸಲ ಸುರಿಯುವುದನ್ನು ಅವನು ಮರೆಯಲಿಲ್ಲ.