ಸಿದ್ದಲಿಂಗಪ್ಪನವರ ಗೇರ್ ಸೈಕಲ್ಲು

ಒಂದೈದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಆಮೇಲೆ ಅನಿಲನಿಗೆ ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ, ನಾನು ಅಡ್ಡ ಬರುವುದಿಲ್ಲ.

ತೊಂದರೆ ಶುರುವಾದದ್ದು ಬೆಳಿಗ್ಗೆ ಏಳಕ್ಕೆ ಬಂದ ಒಂದು ಫೋನಿನಿಂದ.

"ಅನಿಲಾ, ಸಂಜಿ ಐದಕ್ಕ ಬರಾಕತ್ತೀವಪಾ. ಸೈಕಲ್ ಛಲೋ ಐತಿಲ್ಲೋ?"

ಫೋನು ಮಾಡಿದವರು ಮುಂಬಯಿಯ ಬೈಕುಲ್ಲಾದ ಚಾಳಿನಲ್ಲಿ ಅನಿಲನ ಪಕ್ಕದ ಖೋಲಿಯ ಸಿದ್ದಲಿಂಗಪ್ಪ. ಜೂನಿನಲ್ಲಿ ಮಗಳ ಬಾಣಂತನಕ್ಕೆಂದು ಹೆಂಡತಿ ಜೊತೆ ಬಾಗಲಕೋಟೆಗೆ ಹೊರಟಾಗ ತಮ್ಮ ಗೇರ್ ಸೈಕಲ್ಲನ್ನು ಇವನಿಗೆ ಒಪ್ಪಿಸಿ, "ವಾರಕ್ಕೊಮ್ಮಿ ಗಾಳಿ ಹಾಕು, ಒರಸಿ ಎಣ್ಣಿ ಬಿಡು. ಯಾರಿಗೂ ಹತ್ತಾಕ ಕೊಡಬ್ಯಾಡ" ಎಂದಿದ್ದರು. ಚಾಳಿನಲ್ಲಿ ಅಷ್ಟು ಜನ ಇದ್ದರೂ ಅವರು ನಂಬಿದ್ದು ಇವನೊಬ್ಬನನ್ನೇ.

ಅನಿಲ ಯಾರಿಗೂ ಕೊಡಲಿಲ್ಲ. ತಾನೇ ಹತ್ತಿದ. ಮೊದಲ ದಿನ ಚಾಳಿನ ಸುತ್ತ ಒಂದು ರೌಂಡು. ಮರುದಿನ ಸ್ಟೇಷನ್‌ವರೆಗೆ. ಮೂರನೇ ವಾರದಿಂದ ಪವಾಯಿಯ ಆಫೀಸಿಗೇ ಸೈಕಲ್ಲು. ಹೋಗಿ ಬರಲು ನಲವತ್ತು ಕಿಲೋಮೀಟರು, ಇಡೀ ಮಳೆಗಾಲ, ಕೆಸರು, ಹೊಂಡ ಯಾವುದನ್ನೂ ಬಿಡದೆ. ಪವಾಯಿ ಕೆರೆಯ ಮುಂದೆ ನಿಲ್ಲಿಸಿ ಫೋಟೋ ಹಾಕಿ, ಕೆಳಗೆ 'ನನ್ನ ಕುದುರೆ' ಅಂತ ಬೇರೆ ಬರೆದುಕೊಂಡಿದ್ದ.

ಈಗ ಕೆಳಗಿಳಿದು ಬಂದು ನೋಡಿದರೆ ಕುದುರೆಗೆ ಉಸಿರೇ ಇಲ್ಲ. ಪೆಡಲು ತುಳಿದ, ಕಟಕ್ ಅಂತ ಚೈನು ಜಾರಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು.

ಮೇಲಿನ ಗ್ಯಾಲರಿಯಿಂದ ದೇವಕ್ಕ ಬಗ್ಗಿದರು. ಮಂಗಳೂರು ಕಡೆಯವರು. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಅವರಿಗೆ ಗೊತ್ತು.

"ಎಂತ ಮಾರಾಯಾ, ಚೈನು ನಮ್ಮ ಇವರ ಹೊಟ್ಟೆಯ ಹಾಗೆ ಜೋತುಬಿದ್ದಿದೆಯಲ್ಲ! ಪಾಪ, ಆ ಮನುಷ್ಯ ನಿನ್ನನ್ನು ನಂಬಿ ಹೋದದ್ದು."

"ಆಂಟಿ, ಪ್ಲೀಸ್, ಅವರಿಗೆ ಹೇಳ್ಬೇಡಿ."

"ನಾನು ಎಂತಕ್ಕೆ ಹೇಳುವುದು? ನೀನೇ ಹೇಳು. ತುಳಿದದ್ದು ನೀನಲ್ವಾ?"

ಅನಿಲನ ಕಿವಿ ಬಿಸಿಯಾಯಿತು. ಹೇಳುವುದಕ್ಕಿಂತ ರಿಪೇರಿ ಸುಲಭ ಅನ್ನಿಸಿತು. ಸ್ವಂತದ್ದೊಂದು ಸೈಕಲ್ಲು ಕೊಳ್ಳಲು ಕೂಡಿಟ್ಟ ಆರು ಸಾವಿರ ಇತ್ತು. ಅದನ್ನು ಜೇಬಿಗಿಟ್ಟು, ಆಫೀಸಿಗೆ ಹೊಟ್ಟೆನೋವು ಅಂತ ಮೆಸೇಜ್ ಹಾಕಿ, ಸೈಕಲ್ಲು ತಳ್ಳಿಕೊಂಡು ಎರಡು ಗಲ್ಲಿ ಆಚೆ ಈಶ್ವರನ ಅಂಗಡಿಗೆ ಹೋದ. ಈಶ್ವರ ಕಲಬುರಗಿಯವನು, ಸೈಕಲ್ ಮಿಸ್ತ್ರಿ.

"ಅಣ್ಣಾ, ಇದಕ್ಕ ಎಣ್ಣಿ ಬಿಟ್ಟಿದ್ದು ಯಾವಾಗ?"

"ದಿನಾ ಮಳೇಲಿ ಒದ್ದೆ ಆಗ್ತಿತ್ತಲ್ವಾ ಯಾರ್..."

ಈಶ್ವರ ಅವನನ್ನು ಮೇಲಿಂದ ಕೆಳಗೆ ನೋಡಿದ. ಚೈನು ಬಿಚ್ಚಿ ಎಸೆದು ಹೊಸದು ಹಾಕಿದ. ಏಳುನೂರೈವತ್ತು. ಇಷ್ಟೇನಾ ಅಂತ ಅನಿಲ ಖುಷಿಯಿಂದ ಹತ್ತಿ ತುಳಿದ. ಕಟಕ್!

"ಹೊಸಾ ಚೈನ್ ಕೂಡ ಜಾರ್ತಾ ಇದೆಯಲ್ಲ!"

"ಜಾರ್ದೆ ಏನ್ ಮಾಡ್ತದ? ಹೊಸಾ ಸೊಸಿ ಬಂದಾಳ, ಒಳಗ ಹಳೀ ಅತ್ತಿ ಕುಂತಾಳ. ಹಿಂದಿನ ಹಲ್ಲಿನ ಚಕ್ರ ನೋಡು, ಪೂರಾ ಸವದದ. ಇಬ್ಬರಿಗೂ ಹೊಂದಂಗಿಲ್ಲ."

"ಅತ್ತೇನ ಚೇಂಜ್ ಮಾಡಿ."

ಸಾವಿರದ ನಾನೂರೈವತ್ತು. ಅತ್ತೆ ಬದಲಾದಳು. ಸದ್ದು ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

"ಈಗ ಮಾವ. ಪೆಡಲ್ ಕಡಿ ಚಕ್ರ. ಅವನ ಹಲ್ಲೂ ಹೋಗ್ಯಾವ."

ಸಾವಿರದ ಆರುನೂರು. ಸದ್ದು ನಿಂತಿತು. ಅಷ್ಟರಲ್ಲಿ ಈಶ್ವರ ಹಿಂದಿನ ಗಾಲಿಯ ಮೇಲೆ ಉಗುರಾಡಿಸಿ ಲೊಚಗುಟ್ಟಿದ. "ಮನೀನೇ ಬಿರದದ ಅಣ್ಣಾ. ಕೆಸರಿನಾಗ ಬ್ರೇಕ್ ಹಿಡದು ಹಿಡದು ರಿಮ್ ಕಾಗದ ಆಗ್ಯದ. ಇವತ್ತಲ್ಲ ನಾಳಿ ಸೀಳ್ತದ, ಹತ್ತಿದಾಂವ ಬಕ್ಕಬೋರಲ ಬೀಳ್ತಾನ."

ಹತ್ತುವವರು ಸಿದ್ದಲಿಂಗಪ್ಪ! ಅವರು ರಸ್ತೆಯಲ್ಲಿ ಬಿದ್ದದ್ದು ಅನಿಲನ ಕಣ್ಣಿಗೆ ಕಟ್ಟಿತು. "ಹಾಕಿ, ಎಲ್ಲಾ ಹಾಕಿ" ಅಂದ. ರಿಮ್ಮು, ಕಡ್ಡಿ, ಕೂಲಿ ಸೇರಿ ಎರಡು ಸಾವಿರ. ಬ್ರೇಕ್ ರಬ್ಬರು ಇನ್ನೂರು. ಒಟ್ಟು ಸರಿಯಾಗಿ ಆರು ಸಾವಿರ. ಜೇಬು ತೊಳೆದಿಟ್ಟ ತಟ್ಟೆಯಂತಾಯಿತು.

ನೋಟು ಎಣಿಸುತ್ತಾ ಈಶ್ವರ ಹೇಳಿದ, "ವಾರಕ್ಕೊಮ್ಮಿ ಒರಸಿ ಎಣ್ಣಿ ಬಿಟ್ಟಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ ನೋಡು."

ಅದೇ ಮಾತು! ಅನಿಲ ತಲೆ ಎತ್ತದೆ ಸೈಕಲ್ಲು ತಳ್ಳಿಕೊಂಡು ಬಂದ. ಹತ್ತಲು ಮನಸ್ಸೇ ಬರಲಿಲ್ಲ.

ಐದಕ್ಕೆ ಟ್ಯಾಕ್ಸಿ ಬಂತು. ಸಿದ್ದಲಿಂಗಪ್ಪ ಸಾಮಾನು ಇಳಿಸುವ ಮೊದಲೇ ಸೈಕಲ್ಲಿನ ಹತ್ತಿರ ಓಡಿದರು. "ಏನ್ ಫಳಫಳ ಅಂತೈತೋ! ತಿಕ್ಕಿ ತಿಕ್ಕಿ ಕನ್ನಡಿ ಮಾಡೀದಲ್ಲೋ! ಬರ್ರಿ ಎಲ್ಲಾರೂ, ನೋಡ್ರಿಲ್ಲೆ. ಹುಡುಗ ಅಂದ್ರ ಇಂವ!"

ಚಾಳಿಗೆ ಚಾಳೇ ಇಳಿದು ಬಂತು. ಅವರ ಹೆಂಡತಿ ನಾಗವ್ವ ಡಬ್ಬಿ ತೆಗೆದು ನಾಲ್ಕು ಶೇಂಗಾ ಹೋಳಿಗೆ ಅವನ ಕೈಗಿಟ್ಟರು. "ತಿನ್ನಪಾ, ನಿನ್ನ ಸಲುವಾಗೇ ತಂದೀನಿ. ಮನಿ ಮಗ ಇದ್ದಂಗ ನೋಡ್ಕೊಂಡಿ."

ಅನಿಲ ಒಂದು ತುಂಡು ಮುರಿದು ಬಾಯಿಗಿಟ್ಟ. ಹೇಳಿಬಿಡೋಣ, ಇನ್ನು ತಡೆಯುವುದಿಲ್ಲ ಅಂದುಕೊಂಡ.

"ಕಾಕಾ, ನಿಮಗೊಂದು ವಿಷಯ..."

"ತಡಿ, ಒಂದು ರೌಂಡ್ ಹೊಡದು ಬರ್ತೀನಿ." ಸಿದ್ದಲಿಂಗಪ್ಪ ಧೋತರ ಎತ್ತಿ ಕಟ್ಟಿ ಹೊರಟೇಬಿಟ್ಟರು. ಒಂದಲ್ಲ, ಮೂರು ರೌಂಡು. ಬಂದು ನಿಂತಾಗ ಅವರ ವಯಸ್ಸಿನಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಬೆಣ್ಣಿ! ಬೆಣ್ಣಿ ತುಳದಂಗ ಆಗತೈತಿ! ನಾಕು ತಿಂಗಳು ನಿಂತಲ್ಲೇ ಆರಾಮ ಮಾಡೇತಲ್ಲ, ಸೈಕಲ್ಲೂ ಮೈ ಹಿಡದೈತಿ!"

ನಾಗವ್ವ ನಕ್ಕರು. "ರೈಲಿನಾಗ ಏನಂದಿದ್ರಿ? ಹೇಳ್ರಿ ಅವಂಗ."

"ಖರೇ ಹೇಳ್ತೀನಿ ತಮ್ಮಾ. ನಾ ಊರಿಗೆ ಹೋಗೂಮುಂದ ಇದು ಎತ್ತಿನ ಗಾಡಿ ಆಗಿತ್ತು. ತುಳದ್ರ ಮೊಣಕಾಲು ಕಿತ್ತು ಬರ್ತಿತ್ತು. ಇನ್ನ ನನಗ್ಯಾಕ, ಅನಿಲಗ ಕೊಟ್ಟಬಿಡೂಣು, ಪುಕ್ಕಟೆ, ಅಂತ ಇಬ್ಬರೂ ಮಾತಾಡ್ಕೊಂಡ ಬಂದ್ವಿ. ಆದ್ರ ನೀ ಇಷ್ಟು ಚಂದ ಇಟ್ಟಮ್ಯಾಲೆ ಹೆಂಗ ಕೊಡಲೋ? ನಾನ ಹೊಡೀತೀನಿ ಬಿಡು!"

ಚಾಳಿನವರೆಲ್ಲ ಹೋ ಅಂತ ಚಪ್ಪಾಳೆ ತಟ್ಟಿದರು. ದೇವಕ್ಕ ಮಾತ್ರ ತಟ್ಟಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದರು, ಹೆಗಲು ಕುಲುಕುತ್ತಿತ್ತು.

ಸಿದ್ದಲಿಂಗಪ್ಪ ಅನಿಲನ ಬೆನ್ನಿನ ಮೇಲೆ ಕೈಯಿಟ್ಟರು. "ಹಾಂ, ನೀ ಏನೋ ವಿಷಯ ಅಂತಿದ್ದೆಲ್ಲಾ. ಏನದು? ಹೇಳು ಮಗನ."

ಇಡೀ ಚಾಳು ಕಿವಿಗೊಟ್ಟು ನಿಂತಿದೆ. ಅನಿಲನ ಬಾಯಲ್ಲಿ ಅವರದೇ ಹೋಳಿಗೆ. ಈಗ ಹೇಳಿ, ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡ್ತಿದ್ರಿ?