ಮರೀನಾ ಕುಡಿದ ಕುಳ್ಳ

"ಈ ಸಲದ ಹೊಸ ಗೊಂಬೆ ಅಂಗಡಿಯಿಂದ ಬರೋದಿಲ್ಲ ಕಣೇ. ಈ ಎರಡು ಕೈಗಳಿಂದ ಹುಟ್ಟುತ್ತೆ!"

ತ್ರಿಪ್ಲಿಕೇನಿನ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ವಿಷ್ಣುತೀರ್ಥರು ಎರಡೂ ಕೈಗಳನ್ನು ಎತ್ತಿ ಹಿಡಿದರು. ಇಪ್ಪತ್ತೆರಡು ವರ್ಷ ವಿಮಾ ಕಚೇರಿಯ ಫೈಲುಗಳಿಗೆ ದಾರ ಕಟ್ಟಿ ಪಳಗಿದ ಕೈಗಳು! ಬಲಗೈ ಹೆಬ್ಬೆರಳಿನ ಮೇಲೆ ಸ್ಟ್ಯಾಂಪ್ ಪ್ಯಾಡಿನ ಮಸಿ ಇನ್ನೂ ಹಸಿಯಾಗಿತ್ತು.

"ಹೋದ ವರ್ಷ ಆ ಕೈಗಳಿಂದ ಏನು ಹುಟ್ಟಿತು ಅಂತ ತಲೆ ಎತ್ತಿ ಫ್ಯಾನ್ ನೋಡಿ," ಅಂದರು ಜಯಲಕ್ಷ್ಮೀ, ಒಗ್ಗರಣೆ ಸೌಟು ಕೆಳಗಿಡದೆ.

ವಿಷ್ಣುತೀರ್ಥರು ನೋಡಲಿಲ್ಲ. ಅವರು ರಿಪೇರಿ ಮಾಡಿದಂದಿನಿಂದ ಆ ಫ್ಯಾನು ಕುಂಟುತ್ತಲೇ ತಿರುಗುತ್ತಿತ್ತು.

ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವ ಮನೆಯಲ್ಲಿ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು. ಅದು ಪದ್ಧತಿ. ಮೈಲಾಪುರಕ್ಕೆ ಹೋಗಿ ಅದನ್ನು ತರುವುದು ವಿಷ್ಣುತೀರ್ಥರ ಪಾಲಿನ ಕೆಲಸ. ಆ ವರ್ಷ, ಅಂದರೆ ಮೊಬೈಲ್ ಫೋನು ಇನ್ನೂ ಬೆಲ್ಟಿನ ಚೀಲದಲ್ಲಿ ಕೂತು ಮೆರೆಯುತ್ತಿದ್ದ ಕಾಲದಲ್ಲಿ, ಅವರು ಶುದ್ಧವಾಗಿ ಮರೆತರು. ಆದರೆ ಮರೆತೆ ಅಂತ ಒಪ್ಪಿಕೊಳ್ಳುವುದಕ್ಕಿಂತ ಕಲಾವಿದನಾದೆ ಅಂತ ಸಾರುವುದು ಗಂಡಸರಿಗೆ ಸುಲಭ.

ಜೊತೆಗೆ ಮಗಳು ವಿಭಾಳ ಸ್ಕೂಲ್ ಲೈಬ್ರರಿ ಪುಸ್ತಕದಲ್ಲಿ ಒಂದು ಚಿತ್ರ ಸಿಕ್ಕಿತ್ತು. ಕಣ್ಣು ಮುಚ್ಚುವಷ್ಟು ಉದ್ದದ ಚೂಪು ಟೋಪಿ, ಟೋಪಿಯ ಕೆಳಗೆ ಗುಂಡು ಮೂಗು, ಮೂಗಿನ ಕೆಳಗೆ ನೆಲ ಮುಟ್ಟುವ ಬಿಳಿ ಗಡ್ಡ, ಗಡ್ಡದ ಹಿಂದೆ ಡೊಳ್ಳು ಹೊಟ್ಟೆ. ಫಾರಿನ್ನಿನವರು ತೋಟ ಕಾಯಲು ಇಡುವ ಕುಳ್ಳ ಅಂತೆ. ಹಳೇ ಬಟ್ಟೆಯಲ್ಲೇ ಮಾಡಬಹುದಂತೆ!

"ಗ್ನೋಮ್!" ಅಂದರು ವಿಷ್ಣುತೀರ್ಥರು.

"ನೋಮ್ ಪ್ಪಾ. ಜಿ ಸೈಲೆಂಟ್," ಅಂದಳು ಏಳನೇ ಕ್ಲಾಸಿನ ವಿಭಾ.

"ನಮ್ಮ ಮನೇಲಿ ಯಾರು ಸೈಲೆಂಟಾಗಿದ್ದಾರೆ, ಅದೊಂದು ಯಾಕೆ ಇರಬೇಕು? ಗ್ನೋಮೇ!"

ಇಷ್ಟು ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ಅವರ ಮಂಚದ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಒಂಟಿ ಸಾಕ್ಸು, ಮುರಿದ ಕೊಡೆಯ ಕಡ್ಡಿ, ಗುಂಡಿ, ಜಿಪ್ಪು, ರೇಡಿಯೋ ತಿರುಗಿಸುವ ಕಿವಿ, ಎಲ್ಲವೂ ಹದಿನೈದು ವರ್ಷಗಳಿಂದ ಅದರೊಳಗೆ ಸೇರುತ್ತಿದ್ದವು. "ಇದ್ಯಾಕ್ರೀ?" ಅಂದರೆ "ಉಪಯೋಗಕ್ಕೆ ಬರುತ್ತೆ" ಅನ್ನುವುದು ವಿಷ್ಣುತೀರ್ಥರ ಒಂದೇ ಉತ್ತರ. ಹದಿನೈದು ವರ್ಷದಲ್ಲಿ ಒಂದು ಗುಂಡಿಯೂ ಹೊರಗೆ ಬಂದಿರಲಿಲ್ಲ.

"ಕೇಳಿಸ್ಕೊಳ್ಳಿ," ಅಂದರು ಜಯಲಕ್ಷ್ಮೀ. "ಮೂರು ವರ್ಷದಿಂದ ಬೀದಿಯ ಗೊಂಬೆ ಸ್ಪರ್ಧೇಲಿ ನನಗೆ ಸಮಾಧಾನಕರ ಬಹುಮಾನ ಅಂತ ಸೋಪಿನ ಡಬ್ಬ ಕೊಡ್ತಿದ್ದಾರೆ. ಮೊದಲ ಬಹುಮಾನ ಮೇಲಿನ ಮನೆ ಆಂಡಾಳ್ ಮಾಮಿಗೆ. ನಿಮ್ಮ ಕುಳ್ಳನಿಂದ ಈ ಸಲ ನನಗೆ ಸೋಪಿನ ಡಬ್ಬಾನೂ ತಪ್ಪಿತೋ, ವಿಜಯದಶಮಿ ದಿನ ಆ ಪೆಟ್ಟಿಗೆ ಹಳೇ ಪೇಪರಿನವನ ಪಾಲು!"

"ಮೊದಲ ಬಹುಮಾನ ಬಂದರೆ?"

"ಬಂದರೆ ಆಯುಧಪೂಜೆಗೆ ಅದಕ್ಕೂ ಕುಂಕುಮ ಇಟ್ಟು ಹೂವು ಮುಡಿಸ್ತೀನಿ."

ವಿಷ್ಣುತೀರ್ಥರ ಎದೆ ಎರಡಿಂಚು ಉಬ್ಬಿತು.

ಭಾನುವಾರ ಮಧ್ಯಾಹ್ನ ಜಯಲಕ್ಷ್ಮೀ ಹೊಸ ಗಿಂಡಿ ತರಲು ಅಂಗಡಿ ಬೀದಿಗೆ ಹೊರಟದ್ದೇ ತಡ, ಸೃಷ್ಟಿಕಾರ್ಯ ಶುರುವಾಯಿತು. ಕಂದು ಬಣ್ಣದ ಒಂಟಿ ಸಾಕ್ಸು ಮೈಯಾಯಿತು. ದೇವರ ಮನೆಯ ಗೋಟಡಿಕೆ ಮೂಗಾಯಿತು. ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿ ಗಡ್ಡವಾಯಿತು. ಕುಳ್ಳ ನೆಟ್ಟಗೆ ಕೂರಬೇಕಾದರೆ ಹೊಟ್ಟೆಗೆ ಭಾರ ತುಂಬಬೇಕು ಅಂತ ಪುಸ್ತಕದಲ್ಲಿತ್ತು. ಮರಳು ತುಂಬಿದರೆ ಸೋರಬಹುದು ಅಂತ ವಿಷ್ಣುತೀರ್ಥರು ಅಡುಗೆಮನೆಯ ಡಬ್ಬದಿಂದ ಅರ್ಧ ಕಿಲೋ ಕಡಲೆಕಾಳು ತೆಗೆದು ತುಂಬಿದರು. ನಾಳೆ ತಂದಿಟ್ಟರಾಯಿತು ಅಂದುಕೊಂಡರು. ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದರು. ಕುಳ್ಳ ಕೂತ!

ಆದರೆ ತಲೆ ಬೋಳು. ಪುಸ್ತಕದ ಕುಳ್ಳನದು ಕೆಂಪು ಟೋಪಿ. ಪೆಟ್ಟಿಗೆಯಲ್ಲಿ ಎಲ್ಲ ಬಣ್ಣವೂ ಇತ್ತು, ಕೆಂಪು ಒಂದು ಬಿಟ್ಟು. ಆಗ ಟ್ರಂಕಿನಲ್ಲಿದ್ದ ಕೆಂಪು ಧಾಬಳಿ ನೆನಪಾಯಿತು. ಮಡಿಗೆ ಉಡುವ ಉಣ್ಣೆಯ ವಸ್ತ್ರ. ಮಳೆಗಾಲದಲ್ಲಿ ಮಡಿಪಂಚೆ ಒಣಗದಿದ್ದರೆ ಮಾತ್ರ ಅದಕ್ಕೆ ಕೆಲಸ.

ಮಡಿಯ ವಿಷಯದಲ್ಲಿ ವಿಷ್ಣುತೀರ್ಥರು ಬಲು ಬಿಗಿ. ಸ್ನಾನ ಮುಗಿಸಿ ಮಡಿ ಉಟ್ಟರೆಂದರೆ ಮನೆಗೆ ಮನೆಯೇ ಗೋಡೆಗೆ ಅಂಟಿಕೊಳ್ಳಬೇಕು. "ಮುಟ್ಟಬೇಡಿ! ಮಡಿ!" ಅನ್ನುವ ಕೂಗಿಗೆ ವಿಭಾಳ ಸ್ಕೂಲ್ ಬಸ್ಸು ಎರಡು ಸಲ ತಪ್ಪಿತ್ತು. "ಮಡಿ ಅಂದರೆ ಮೈಮೇಲೆ ಹೊಲಿದ ಬಟ್ಟೆಯ ಒಂದು ನೂಲೂ ಇರಬಾರದು," ಅಂತ ಅವರು ಹೆಂಡತಿಗೆ ಆಗಾಗ ಉಪನ್ಯಾಸ ಕೊಡುವುದೂ ಇತ್ತು. ಅಂಥವರು ಧಾಬಳಿಗೆ ಕತ್ತರಿ ಹಾಕುವುದೇ? ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ, ಒಂದು ಮೂಲೆ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಚೌಕವಾಗಿ ಮಡಿಸಿಟ್ಟಿದ್ದ ಧಾಬಳಿಯನ್ನು ಬಿಚ್ಚುವ ಗೋಜಿಗೂ ಹೋಗದೆ ಒಂದು ಮೂಲೆಯನ್ನು ಕತ್ತರಿಸಿದರು. ಅಂಗೈಯಗಲ ಕತ್ತರಿಸಿದ್ದು ಬಿಚ್ಚಿದಾಗ ತಟ್ಟೆಯಗಲ ಆಯಿತು!

"ಹಳೇ ಕಾಲದ ಬಟ್ಟೆ ಅಂದರೆ ಹೀಗಿರಬೇಕು," ಅಂತ ಮೆಚ್ಚಿಕೊಂಡರು.

ಒಳಗೆ ಕೊಡೆ ಕಡ್ಡಿ ಸಿಕ್ಕಿಸಿದ ಮೇಲೆ ಟೋಪಿ ಗೋಪುರದಂತೆ ನಿಂತಿತು.

ಜಯಲಕ್ಷ್ಮೀ ಬಂದು ನೋಡಿದರು. ಎಡದಿಂದ ನೋಡಿದರು. ಬಲದಿಂದ ನೋಡಿದರು.

"ಯಾರಿದು?"

"ಗ್ನೋಮ್!"

"ಇದನ್ನ ದೇವರ ಪಕ್ಕ ಇಡಲಾ? ಲಕ್ಷಣವಾಗಿ ಕೆಳಗೆ ಬೀಚಲ್ಲಿ ಕೂರಲಿ."

ಬೀಚು ಅಂದರೆ ಮೆಟ್ಟಿಲುಗಳ ಮುಂದೆ ವಿಭಾ ಕಟ್ಟಿದ್ದ ಮರೀನಾ. ನಿಜವಾದ ಮರೀನಾದಿಂದ ತಂದ ಮರಳು, ಪೌಡರ್ ಡಬ್ಬದ ಲೈಟ್‌ಹೌಸು, ಹರಿವಾಣದಲ್ಲಿ ನೀರು ತುಂಬಿ ಪೆನ್ನಿನ ನೀಲಿ ಇಂಕು ಬೆರೆಸಿದ ಬಂಗಾಳ ಕೊಲ್ಲಿ. ಹಬ್ಬ ಶುರುವಾದಂದಿನಿಂದ ಕುಳ್ಳ ಲೈಟ್‌ಹೌಸಿನ ಹಿಂದೆ, ಯಾರಿಗೂ ಕಾಣದಂತೆ ಮರಳಲ್ಲಿ ಕೂತಿದ್ದ. ಅಷ್ಟಮಿಯ ದಿನ ತೀರ್ಪುಗಾರರು ಬರುವವರು. ಅಂದು ಬೆಳಗ್ಗೆ ಆಫೀಸಿಗೆ ಹೊರಡುವಾಗ ವಿಷ್ಣುತೀರ್ಥರು ಯಾರೂ ನೋಡದ ಹೊತ್ತಿನಲ್ಲಿ ಕುಳ್ಳನನ್ನು ಮುಂದಕ್ಕೆ ಎಳೆದು ಸಮುದ್ರದ ಅಂಚಿನಲ್ಲಿ, ಬುಡ ನೀರಿಗೆ ತಾಕುವಂತೆ ಕೂರಿಸಿದರು. ಕಲಾಕೃತಿ ಕಾಣಬೇಡವೇ!

ಕಡಲೆ ತಂದಿಡುವುದನ್ನೂ ಅವರು ಶುದ್ಧವಾಗಿ ಮರೆತಿದ್ದರು. ಹಿಂದಿನ ಸಂಜೆ ಗುಗ್ಗರಿಗೆ, ಅಂದರೆ ಅಲ್ಲಿಯವರ ಸುಂಡಲ್‌ಗೆ ನೆನೆಹಾಕಲು ಜಯಲಕ್ಷ್ಮೀ ಡಬ್ಬ ತೆಗೆದು, "ರೀ, ಕಡಲೆಕಾಳು ಎಲ್ಲಿ ಹೋಯ್ತು?" ಅಂತ ಕೂಗಿದಾಗ ಅವರು ಮುಖದ ಮುಂದಿನ ಪೇಪರ್ ಇಳಿಸಿರಲಿಲ್ಲ. ಕೊನೆಗೆ ಹೆಸರುಕಾಳಿನ ಸುಂಡಲ್ ಅಂತ ತೀರ್ಮಾನವಾಗಿತ್ತು.

ಸಂಜೆ ಅವರು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಜಯಲಕ್ಷ್ಮೀ ಎದುರು ನಿಂತಿದ್ದರು. ಮುಖ ಬಿಳಿಚಿತ್ತು.

"ರೀ, ನಿಮ್ಮ ಕುಳ್ಳ ಬಸುರಿಯಾಗಿದ್ದಾನೆ!"

ಓಡಿ ಹೋಗಿ ನೋಡಿದರೆ ನಿಜ! ಬೆಳಗ್ಗೆ ಮಾವಿನಕಾಯಿಯಷ್ಟಿದ್ದ ಹೊಟ್ಟೆ ಈಗ ಕುಂಬಳಕಾಯಿ. ಸಾಕ್ಸು ಹಿಗ್ಗಿ ಹಿಗ್ಗಿ ದಬ್ಬಣದ ಹೊಲಿಗೆ ಬಾಯಿ ಬಿಡುತ್ತಿತ್ತು. ಗಡ್ಡದ ತುದಿಗೆ ನೀಲಿ ಬಣ್ಣ ಏರಿತ್ತು. ಹರಿವಾಣ ಒಣಗಿತ್ತು. ಬಂಗಾಳ ಕೊಲ್ಲಿಯಲ್ಲಿ ಒಂದು ತೊಟ್ಟು ನೀರಿರಲಿಲ್ಲ!

"ಒಳಗೆ ಏನು ತುಂಬಿದ್ದೀರಿ?"

ವಿಷ್ಣುತೀರ್ಥರು ಚಾವಣಿ ನೋಡಿದರು.

"ಕಡಲೆಕಾಳಾ?!"

ಹೌದು ಅನ್ನಲು ಸಮಯ ಸಿಗಲಿಲ್ಲ. ಕಾಲಿಂಗ್ ಬೆಲ್ ಹೊಡೆಯಿತು. ತೀರ್ಪುಗಾರ್ತಿ ಶಾಲಿನಿ ಮೇಡಂ, ಅವರ ಹಿಂದೆ ನೋಟ್‌ಬುಕ್ ಹಿಡಿದ ಇಬ್ಬರು ಹೆಂಗಸರು, ಎಲ್ಲರ ಹಿಂದೆ ಪರಿಸ್ಥಿತಿ ಅವಲೋಕಿಸಲು ಬಂದ ಆಂಡಾಳ್ ಮಾಮಿ. ಮಾಮಿಯ ಮನೆಯಲ್ಲಿ ಈ ವರ್ಷ ಮೋಟಾರ್ ಹಾಕಿದ, ತಿರುಗುವ ದಶಾವತಾರವಂತೆ. ಜಯಲಕ್ಷ್ಮೀಯ ಕಣ್ಣ ಮುಂದೆ ಸೋಪಿನ ಡಬ್ಬವೂ ದೂರ ಹೋಗುತ್ತಿತ್ತು. ವಿಷ್ಣುತೀರ್ಥರ ಕಣ್ಣ ಮುಂದೆ ಅವರ ಪೆಟ್ಟಿಗೆ ಹಳೇ ಪೇಪರಿನವನ ಸೈಕಲ್ ಏರಿತ್ತು.

ಶಾಲಿನಿ ಮೇಡಂ ಮೆಟ್ಟಿಲುಗಳನ್ನೆಲ್ಲ ನೋಡಿ, "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಕೆಳಗಿಳಿದು ಬೀಚಿಗೆ ಬಂದರು. ನಿಂತರು. ಬಗ್ಗಿದರು. ಕನ್ನಡಕ ಸರಿ ಮಾಡಿಕೊಂಡರು.

"ಇದು ಯಾರು?"

ಕಲಾವಿದರು ಗಂಟಲು ಸರಿಮಾಡಿಕೊಂಡು "ಗ್ನೋ..." ಅನ್ನುವಷ್ಟರಲ್ಲಿ ಜಯಲಕ್ಷ್ಮೀ ಅವರ ಕಾಲು ತುಳಿದರು. ಆಗ ಎರಡು ಕೈ ಜೋಡಿಸಿ ಮುಂದೆ ಬಂದವರು, ಯಾರು ಅಂದುಕೊಂಡಿರಿ, ಆಂಡಾಳ್ ಮಾಮಿ!

"ಅಡಡಾ! ಅಗತ್ತಿಯರ್! ನಮ್ಮ ಕುಳ್ಳಮುನಿ ಅಗಸ್ತ್ಯರಲ್ಲವಾ! ಆ ಗಡ್ಡ, ಆ ಜಟೆ, ಆ ಹೊಟ್ಟೆ! ಕಣ್ಣು ಕೂಡ ಕಾಣ್ದಂಗೆ ಧ್ಯಾನದಲ್ಲಿ ಕೂತವ್ರೆ ಪಾರುಂಗೋ, ನೋಡಿ!"

ಶಾಲಿನಿ ಮೇಡಂ ಖಾಲಿ ಹರಿವಾಣ ನೋಡಿದರು. "ಮತ್ತೆ ಸಮುದ್ರ? ನೀರೇ ಇಲ್ಲವಲ್ಲ?"

ಮೂಲೆಯಲ್ಲಿ ಸುಂಡಲ್ ಮೆಲ್ಲುತ್ತಿದ್ದ ವಿಭಾ ತಲೆ ಎತ್ತದೆ ಹೇಳಿದಳು: "ಕುಡಿಚ್ಚಿಟ್ಟಾರು."

ಕುಡಿದುಬಿಟ್ಟರು! ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಅಗಸ್ತ್ಯರು! ನೋಟ್‌ಬುಕ್ಕಿನ ಹೆಂಗಸರು ಸರಸರ ಬರೆಯತೊಡಗಿದರು. ಮಾಮಿಯಂತೂ ತಾನು ಸ್ಪರ್ಧಿ ಅನ್ನುವುದನ್ನೇ ಮರೆತು ಕೆನ್ನೆ ಕೆನ್ನೆ ಬಡಿದುಕೊಂಡರು. ಅದೇ ಹೊತ್ತಿಗೆ ಪಟ್ ಅಂತ ಒಂದು ಹೊಲಿಗೆ ಬಿಟ್ಟು, ನೆನೆದು ದುಂಡಗಾದ ಕಡಲೆಕಾಳೊಂದು ಮುನಿಯ ಹೊಟ್ಟೆಯಿಂದ ಹೊರಗೆ ಇಣುಕಿತು. ವಿಷ್ಣುತೀರ್ಥರು ಕಣ್ಣು ಮುಚ್ಚಿಕೊಂಡರು.

ಜಯಲಕ್ಷ್ಮೀ ಮುಚ್ಚಲಿಲ್ಲ. ಸರಕ್ಕನೆ ಬಗ್ಗಿ ಹೆಬ್ಬೆರಳಿನಿಂದ ಕಡಲೆಯನ್ನು ಒಳಗೆ ಒತ್ತಿ, ಹಸುಗೂಸಿನ ಹೊಟ್ಟೆ ನೀವುವಂತೆ ಮುನಿಯ ಹೊಟ್ಟೆ ನೀವಿ, "ಜೀರ್ಣ ಜೀರ್ಣ, ವಾತಾಪಿ ಜೀರ್ಣ," ಅಂದರು. "ಸಮುದ್ರಕ್ಕೆ ಮುಂಚೆ ಇವರು ಆ ರಾಕ್ಷಸನನ್ನೂ ತಿಂದಿದ್ದರಲ್ಲ ಮೇಡಂ. ಹೊರಗೆ ಬರೋಕೆ ನೋಡ್ತಿದ್ದಾನೆ!"

ಚಪ್ಪಾಳೆ! ಮೊದಲ ಬಹುಮಾನ ಅಂತ ಅಲ್ಲೇ ಘೋಷಣೆಯಾಯಿತು. ನಾಳೆ ಬೆಳಗ್ಗೆ ಪೂಜೆ ಹೊತ್ತಿಗೆ ಹಿತ್ತಾಳೆ ದೀಪ ತಂದುಕೊಡುವುದಾಗಿ ಹೇಳಿ ಶಾಲಿನಿ ಮೇಡಂ ಹೊರಟರು. "ಕಲಾವಿದರು ಯಾರು?" ಅಂತ ಬಾಗಿಲಲ್ಲಿ ತಿರುಗಿ ಕೇಳಿದರು. ವಿಷ್ಣುತೀರ್ಥರು ಬಾಯಿ ತೆರೆಯುವ ಮೊದಲೇ ಜಯಲಕ್ಷ್ಮೀ, "ನಮ್ಮನೆಯವರು. ಅವರ ಕೈಚಳಕಾನೇ ಬೇರೆ!" ಅಂದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅಂಥ ಮಾತು ಮೊದಲನೆಯ ಸಲ ಬಂದಿತ್ತು. ಆ ಸಂಜೆ ವಿಷ್ಣುತೀರ್ಥರು ಮೂರು ಸಲ ಸುಂಡಲ್ ಹಾಕಿಸಿಕೊಂಡರು, ಕುಂಟುವ ಫ್ಯಾನನ್ನು ಹೆಮ್ಮೆಯಿಂದ ನೋಡಿದರು.

ಮಾರನೆಯ ದಿನ ಆಯುಧಪೂಜೆ. ಜಯಲಕ್ಷ್ಮೀ ಮಾತು ತಪ್ಪಲಿಲ್ಲ. ಈಳಿಗೆ ಮಣೆ, ಮಿಕ್ಸಿ, ವಿಭಾಳ ಸೈಕಲ್ಲಿನ ಸಾಲಿನಲ್ಲಿ ರಟ್ಟಿನ ಪೆಟ್ಟಿಗೆಯೂ ಕೂತಿತ್ತು. ಕುಂಕುಮ, ಅರಿಶಿನ, ಮೇಲೊಂದು ಮೊಳ ಸೇವಂತಿಗೆ! ಸ್ನಾನ ಮುಗಿಸಿ ಬಂದ ವಿಷ್ಣುತೀರ್ಥರ ಕಣ್ಣು ತುಂಬಿತು. ಆದರೆ ಬೆಳಗಿನ ಜಾವ ಜೋರು ಮಳೆ ಬಂದು ಮಹಡಿ ಮೇಲೆ ಒಣಗಲು ಹಾಕಿದ್ದ ಮಡಿಪಂಚೆ ತೊಪ್ಪೆಯಾಗಿತ್ತು. ಇದ್ದೇ ಇದೆಯಲ್ಲ ಧಾಬಳಿ! ಮೂಲೆ ಹೋದದ್ದು ಯಾರಿಗೆ ಕಾಣುತ್ತದೆ? ಕತ್ತಲೆ ಕೋಣೆಯಲ್ಲಿ ಅವಸರವಾಗಿ ಸುತ್ತಿಕೊಂಡು, "ಮುಟ್ಟಬೇಡಿ! ಮಡಿ!" ಅಂತ ಘರ್ಜಿಸುತ್ತಾ ಹೊರಗೆ ಬಂದರು. ಮನೆಮಂದಿ ಗೋಡೆಗೆ ಅಂಟಿಕೊಂಡರು. ದೀಪ ತಂದಿದ್ದ ಶಾಲಿನಿ ಮೇಡಂ, ಜೊತೆಗೆ ಬಂದ ಆಂಡಾಳ್ ಮಾಮಿಯೂ ಅಂಟಿಕೊಂಡರು.

ಮಂಗಳಾರತಿಯಾಯಿತು. ವಿಷ್ಣುತೀರ್ಥರು ಗೆದ್ದ ಸೇನಾಪತಿಯಂತೆ ಎಲ್ಲರನ್ನೂ ಒಮ್ಮೆ ನೋಡಿ, ಕುಂಕುಮ ಹೊತ್ತ ತಮ್ಮ ಪೆಟ್ಟಿಗೆಯ ಮುಂದೆ ಉದ್ದಂಡ ನಮಸ್ಕಾರ ಹಾಕಿದರು.

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ಯಾರೋ. ಆಮೇಲೆ ಎಲ್ಲರೂ.

"ಅಪ್ಪಾ," ಅಂದಳು ವಿಭಾ, "ಅಗಸ್ತ್ಯರ್ ಟೋಪಿ ಎಲ್ಲಿಂದ ಬಂತೂಂತ ಈಗ ತೆರಿಂಜಿಡ್ಚು, ಗೊತ್ತಾಗೋಯ್ತು."

ಮಡಿಸಿದ ಬಟ್ಟೆಯ ಮೂಲೆಯೆಂದರೆ ಬಿಚ್ಚಿದ ಬಟ್ಟೆಯ ನಟ್ಟನಡು ಅನ್ನುವ ಸತ್ಯ ವಿಷ್ಣುತೀರ್ಥರಿಗೆ ಮಲಗಿದಲ್ಲೇ ಹೊಳೆಯಿತು. ಬೆನ್ನ ಕೆಳಗೆ, ಇರಬಾರದ ಜಾಗದಲ್ಲಿಯೇ, ನಿಂತಾಗ ಮಡಿಕೆಯಲ್ಲಿ ಮುಚ್ಚಿಹೋಗಿದ್ದ ತಟ್ಟೆಯಗಲದ ಕಿಟಕಿ! ಕಿಟಕಿಯೊಳಗೆ ನೀಲಿ ಪಟ್ಟೆಯ, ದರ್ಜಿ ಹೊಲಿದ, ಅಪ್ಪಟ ಮೈಲಿಗೆಯ ಚಡ್ಡಿ!

"ಜಯಾ!" ನೆಲಕ್ಕೆ ಮುಖ ಹುದುಗಿಸಿಕೊಂಡೇ ಅವರು ಕೂಗಿದರು. "ಒಂದು ಟವೆಲ್ ಹೊದಿಸೇ, ಬೇಗ!"

ಜಯಲಕ್ಷ್ಮೀ ಗೋಡೆ ಬಿಟ್ಟು ಒಂದು ಹೆಜ್ಜೆಯೂ ಅಲ್ಲಾಡಲಿಲ್ಲ.

"ಅಯ್ಯೋ, ಹೇಗ್ರೀ ಮುಟ್ಟೋದು? ನೀವು ಮಡಿ! ಅಲ್ಲೇ ಮುಂದೆ ನಿಮ್ಮ ಪೆಟ್ಟಿಗೆ ಇದೆಯಲ್ಲ, ಕೈ ಹಾಕಿ ನೋಡಿ. ಏನಾದರೂ ಉಪಯೋಗಕ್ಕೆ ಬರುತ್ತೆ!"