ಹಸೆಮಣೆಗೊಂದು ಪ್ರದಕ್ಷಿಣೆ

ಮಣೆ ಮಾಡುವುದರಲ್ಲಿ ಏನಿದೆ? ಒಂದು ಹಲಗೆ, ಅಡಿಯಲ್ಲಿ ಎರಡು ಪಟ್ಟಿ, ಅಂಚು ಸ್ವಲ್ಪ ಗುಂಡಗೆ. ಮುಗಿಯಿತು! ಊಟದ ಮಧ್ಯೆ, ಹುಳಿ ಕಲಸುತ್ತ, ಯಾರೂ ಕೇಳದಿದ್ದರೂ ನಾನು ಈ ಮಾತು ಹೇಳಿದೆ. ನನ್ನ ಬದುಕಿನ ಫಜೀತಿಗಳೆಲ್ಲ ಹೀಗೇ ಶುರುವಾಗಿವೆ.

ಹೆಂಡತಿ ಶಾರದೆಯ ಅಣ್ಣನ ಮಗಳು ಸ್ಮಿತಾಳ ಮದುವೆ ಗೊತ್ತಾಗಿತ್ತು. ನನ್ನ ಮಾತು ಹೇಗೋ ಕಿವಿಗೆ ಬಿದ್ದು, ತೀರ್ಥಹಳ್ಳಿಯಿಂದ ಹುಡುಗಿಯೇ ಫೋನ್ ಮಾಡಿದಳು. "ಮಾವ, ನಮ್ ಹಸೆಮಣೆ ನೀವೇ ಮಾಡ್ಕೊಡಿ. ಇಬ್ರೂ ಒಂದೇ ಮಣೆ ಮೇಲೆ ಕೂರೋವಷ್ಟು ಉದ್ದ ಇರ್ಲಿ." ನಾನು ಹಿಂದೆ ಮಾಡಿಕೊಟ್ಟಿದ್ದ ಮೊಬೈಲ್ ಸ್ಟ್ಯಾಂಡ್ ಇನ್ನೂ ನಿಂತಿದೆಯಂತೆ. ಗೋಡೆಗೆ ಒರಗಿಯೋ ಹೇಗೆ ಎಂದು ನಾನು ಕೇಳಲಿಲ್ಲ.

ಒಪ್ಪಿಕೊಂಡೆ. ಅಷ್ಟರಲ್ಲಿ ಅವಳಪ್ಪ, ಅಂದರೆ ನನ್ನ ಭಾವ, ಫೋನ್ ಕಿತ್ತುಕೊಂಡರು.

"ಮಾಡಿ ಭಾವ, ಮಾಡಿ. ಶಾಮಿಯಾನದವನ ಹತ್ರ ಎರಡು ಮಣೆ ಎತ್ತಿಡು ಅಂತ ಹೇಳಿರ್ತೀನಿ. ಸುಮ್ನೆ."

ಆ 'ಸುಮ್ನೆ' ಶಾರದೆಗೆ ಮುಳ್ಳಿನಂತೆ ಚುಚ್ಚಿತು. "ನೋಡಿ, ತವರುಮನೇಲಿ ನನ್ನ ಮರ್ಯಾದೆ ಈಗ ಆ ಹಲಗೆ ಮೇಲೆ ಕೂತಿದೆ. ಮಾಡೋದಾದ್ರೆ ಸರಿಯಾಗಿ ಮಾಡಿ. ಇಲ್ಲ, ಈಗ್ಲೇ ಆಗಲ್ಲ ಅನ್ನಿ."

'ಆಗಲ್ಲ' ಎನ್ನುವುದು ಬಹಳ ಸುಲಭವಾಗಿತ್ತು. ಅದಕ್ಕೇ ನನಗೆ ಹೊಳೆಯಲಿಲ್ಲ.

ಹಲಸಿನ ಹಲಗೆ ಅಟ್ಟದ ಮೇಲೇ ಇತ್ತು. ಅಂಚು ಗುಂಡಗೆ ಮಾಡಲು ರೂಟರ್ ಬೇಕು. ಅದೊಂದು ಕೈಯಲ್ಲಿ ಹಿಡಿಯುವ ಮಷಿನ್. ಕೆಳಗೆ ಗಿರಗಿರನೆ ತಿರುಗುವ ಹಲ್ಲು. ಹಲಗೆಯ ಅಂಚಿಗೆ ತಾಗಿಸಿ ಸಾಗಿಸಿದರೆ ಮರ ಬೆಣ್ಣೆಯ ಹಾಗೆ ನುಣುಪಾಗುತ್ತದೆ ಎಂದು ವಿಡಿಯೊಗಳು ಹೇಳುತ್ತವೆ. ಆದರೆ ಯಾವುದನ್ನು ಕೊಳ್ಳುವುದು? ದೊಡ್ಡದು ಬಲು ಭಾರ, ನನ್ನ ಬಲಭುಜವೋ ಹೋದ ವರ್ಷದಿಂದ ಮುಷ್ಕರ ಹೂಡಿದೆ. ಭಾರದ್ದು ಕೈಜಾರಿ ಕಾಲ ಮೇಲೆ ಬಿದ್ದರೆ? ಹಗುರದ್ದು ಹಾರಿ ಮುಖಕ್ಕೆ ಬಂದರೆ? ಊಟ ಮಾಡುವಾಗಲೂ ಇದೇ ಚಿಂತೆ. ಕೊನೆಗೆ, ಮುಖಕ್ಕಿಂತ ಕಾಲು ಹೆಚ್ಚು ಕೆಲಸಕ್ಕೆ ಬರುತ್ತದೆಂದು ತೀರ್ಮಾನಿಸಿ ಹಗುರದ್ದನ್ನೇ ಹುಡುಕಿ ಹೊರಟೆ.

ನಮ್ಮ ಹೊಸನಗರದಲ್ಲಿ ಸಿಗಲಿಲ್ಲ. ತೀರ್ಥಹಳ್ಳಿಯಲ್ಲಿ ಸಿಕ್ಕಿದ್ದು ಭಾರ. ಸಾಗರದ ಅಂಗಡಿಯೊಂದರಲ್ಲಿ ಇದ್ದಬದ್ದ ರೂಟರುಗಳನ್ನೆಲ್ಲ ಇಳಿಸಿ, ಒಂದೊಂದನ್ನೇ ಕೈಚಾಚಿ ಹಿಡಿದು ನಿಂತೆ.

"ಎಂತ ಸಾರ್, ಮರ ಕೆತ್ತಕ್ಕಾ, ಹಿಂಗೇ ಹಿಡ್ಕೊಂಡು ನಿಲ್ಲಕ್ಕಾ?" ಎಂದರು ಅಂಗಡಿಯವರು.

"ಭುಜ ನೋವು ಬರ್ತದಾ ಅಂತ ನೋಡ್ತಿದೀನಿ."

"ನೋಡಿ, ನೋಡಿ. ನಿಮ್ಮ ಹಿಂದೆ ನಿಂತೋರಿಗೆ ಕಾಲು ನೋವು ಬಂತು."

ಎರಡು ಸುಲಿದ ತೆಂಗಿನಕಾಯಿಯಷ್ಟು ತೂಗುವ ಒಂದನ್ನು ಆರಿಸಿ, ಗೆದ್ದವನಂತೆ ಬಸ್ಸು ಹತ್ತಿದೆ.

ಭಾನುವಾರ ಜಗಲಿಯಲ್ಲಿ ಕಾರ್ಯಾರಂಭ. ಕನ್ನಡಕದ ಮೇಲೆ ರಕ್ಷಣೆಗೆಂದು ಇನ್ನೊಂದು ಕನ್ನಡಕ, ಮೂಗಿಗೆ ಟವೆಲ್. ಪಕ್ಕದ ಮನೆಯ ಚಂದ್ರಣ್ಣ ಬೇಲಿಯ ಹತ್ತಿರ ಬಂದು ನಿಂತರು. "ಎಂತ ಮಾರಾಯ್ರೆ, ಜೇನು ಕೀಳ್ತೀರಾ?"

ಡಬ್ಬದಲ್ಲಿದ್ದ ಸೂಚನೆಯ ಹಾಳೆ ಬಿಡಿಸಿದೆ. ಹಲಗೆಯ ಚಿತ್ರ, ಅದರ ಸುತ್ತ ಬಾಣ. ಬಾಣ ಹೊರಟಿದ್ದು ಎಡಸುತ್ತಿಗೆ, ಗಡಿಯಾರದ ಮುಳ್ಳಿಗೆ ತದ್ವಿರುದ್ಧ. ಅಪ್ರದಕ್ಷಿಣೆ!

ಮದುವೆಯ ಮಣೆಗೆ ಅಪ್ರದಕ್ಷಿಣೆ ಬರುವುದುಂಟೇ? ನಾಳೆ ಗಂಡ ಹೆಂಡಿರ ನಡುವೆ ಒಂದು ಮಾತು ಹೆಚ್ಚುಕಮ್ಮಿಯಾದರೆ ಹೊಣೆ ಯಾರು? ಚಿತ್ರ ಬರೆದವನು ಜನ್ಮದಲ್ಲಿ ಹಸೆಮಣೆ ಕಂಡಿರಲಿಕ್ಕಿಲ್ಲ, ಪಾಪ. ಅವನನ್ನು ಮನಸ್ಸಿನಲ್ಲೇ ಕ್ಷಮಿಸಿ, ಮಷಿನನ್ನು ಶಾಸ್ತ್ರೋಕ್ತವಾಗಿ ಪ್ರದಕ್ಷಿಣೆಗೆ ಹೊರಡಿಸಿದೆ.

ಅದು ಹೊರಟೇಬಿಟ್ಟಿತು. ನಾನಿನ್ನೂ ಹೊರಟಿರಲಿಲ್ಲ!

ಸರ್ರನೆ ಓಡಿತು, ಅಂಚನ್ನು ಕಚ್ಚಿತು, ಹಾರಿತು, ಇಳಿದು ಮತ್ತೆ ಕಚ್ಚಿತು. ಹಗ್ಗ ಬಿಚ್ಚಿದ ಕರುವಿನ ಹಿಂದೆ ಹೋದಂತೆ ನಾನೂ ಹೋದೆ. ಹೇಗೋ ಸ್ವಿಚ್ ಸಿಕ್ಕಿತು.

"ಕಟ್ಟಿಹಾಕ್ಬೇಕಿತ್ತೇನೋ," ಎಂದರು ಚಂದ್ರಣ್ಣ.

ಕಚ್ಚಿದ ಭಾಗವನ್ನು ಗರಗಸದಿಂದ ಕೊಯ್ದು ತೆಗೆದು, ಇನ್ನೂ ಬಿಗಿಯಾಗಿ ಹಿಡಿದು, ಮತ್ತೆ ಪ್ರದಕ್ಷಿಣೆ. ಮತ್ತೆ ಕಚ್ಚಿತು. ಮತ್ತೆ ಕೊಯ್ದೆ. ಇಬ್ಬರು ಕೂರುವ ಹಲಗೆ ಸಂಜೆಯ ಹೊತ್ತಿಗೆ ಒಬ್ಬರು, ಅದೂ ತೆಳ್ಳಗಿನವರು, ಕೂರುವಷ್ಟಾಯಿತು. ಆಗ ಜ್ಞಾನೋದಯವಾಯಿತು: ಮಷಿನ್ ತೀರಾ ಹಗುರ!

"ಶಾರದಾ, ಅರೆಯೋ ಗುಂಡುಕಲ್ಲು ಕೊಡು. ಇದಕ್ಕೆ ಕಟ್ಟಬೇಕು."

ಅವಳು ಹೊರಗೆ ಬಂದಳು. ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಹಗುರ ಬೇಕು ಅಂತ ಊರೂರು ಅಲೆದ್ರಿ. ಈಗ ಭಾರ ಬೇಕಾ? ನೀವೇ ಅದರ ಮೇಲೆ ಕೂತ್ಕೊಳ್ಳಿ." ಆಮೇಲೆ ಹಾಳೆ ಎತ್ತಿಕೊಂಡು, "ಬಾಣ ಈ ಕಡೆ ತೋರಿಸ್ತದಲ್ರೀ, ನೀವ್ಯಾಕೆ ಆ ಕಡೆಯಿಂದ ಬರ್ತಿದೀರಿ?"

"ಅದು ಅಪ್ರದಕ್ಷಿಣೆ."

"ಅಯ್ಯೋ ದೇವ್ರೇ! ಅದು ಮರ ಕೆರೀತಿದೆ ಕಣ್ರೀ, ಹರಕೆ ತೀರಿಸ್ತಾ ಇಲ್ಲ!"

ಬಾಣದ ದಿಕ್ಕಿಗೇ ಸಾಗಿಸಿದೆ. ಮಷಿನ್ ಹೊಸ ಸೊಸೆಯಂತೆ ಮೆಲ್ಲಗೆ ನಡೆಯಿತು. ಮೂರು ಅಂಚು ಬೆಣ್ಣೆ. ನಾಲ್ಕನೆಯದರಲ್ಲಿ ಹಳೆಯ ಕಚ್ಚುಗಳಿದ್ದವು, ಆದರೆ ಇನ್ನು ಕೊಯ್ದರೆ ಅದು ಕಾಯಿ ತುರಿಯುವ ಮಣೆಯಾಗುತ್ತಿತ್ತು. ಬಿಟ್ಟೆ. ಅಪ್ರದಕ್ಷಿಣೆಯ ದೋಷ ಉಳಿಯಬಾರದಲ್ಲ, ಕೈಮುಗಿದು ನಾನೇ ಮಣೆಗೆ ಮೂರು ಸುತ್ತು ಪ್ರದಕ್ಷಿಣೆ ಬಂದೆ. ಚಂದ್ರಣ್ಣ ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಮದುವೆಯ ದಿನ ಮಣೆಗೆ ಬೆಡ್‌ಶೀಟ್ ಸುತ್ತಿ ತೀರ್ಥಹಳ್ಳಿಗೆ ಒಯ್ದೆವು. ಉದ್ದ ನೋಡಿ ಭಾವ ಬಾಯಿ ತೆರೆಯುವ ಮೊದಲೇ ಸ್ಮಿತಾ, "ನಾನು ಮಾವನ ಮಣೆ ಮೇಲೇ ಕೂರೋದು," ಎಂದುಬಿಟ್ಟಳು. ಮದುಮಗನಿಗೆ ಶಾಮಿಯಾನದವನ ಮಣೆ ಬಂತು. ಭಟ್ಟರು ಎರಡರ ಮೇಲೂ ಬಟ್ಟೆ ಹಾಸಿದರು. ಅಂಚು, ನುಣುಪು, ಕಚ್ಚು ಎಲ್ಲವೂ ಅದರಡಿಯಲ್ಲಿ! ಮಣೆಗೆ ಬಟ್ಟೆ ಹಾಸುತ್ತಾರೆಂಬುದು, ಅಷ್ಟೆಲ್ಲ ಶಾಸ್ತ್ರ ನೆನೆದ ನನಗೆ ನೆನಪಾಗಿರಲೇ ಇಲ್ಲ. ಮುಹೂರ್ತ ಮುಗಿಯುವವರೆಗೂ ಶಾರದೆ ಅಕ್ಕಿಕಾಳು ಕೈಯಲ್ಲಿ ಹಿಡಿದು ವಧುವನ್ನು ನೋಡಲಿಲ್ಲ, ಆ ಬಟ್ಟೆಯನ್ನೇ ನೋಡುತ್ತಿದ್ದಳು. ವಧೂವರರು ಎದ್ದು ಅಗ್ನಿಗೆ ಪ್ರದಕ್ಷಿಣೆ ಬಂದರು. ಯಾರೂ ಯಾರನ್ನೂ ಕಚ್ಚಲಿಲ್ಲ.

ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಭಾವ ಬಂದು ಬಟ್ಟೆ ಎತ್ತಿದರು. ನಾಲ್ಕನೆಯ ಅಂಚಿನ ಮೇಲೆ ಬೆರಳಾಡಿಸಿದರು. ತುಂಬ ಗಂಭೀರವಾಗಿ ಕೇಳಿದರು: "ಏನೇ ಶಾರದಾ, ನಿಮ್ಮನೇಲಿ ಇಲಿ ಕಾಟವಾ?"

ನಾನು ಬಾಯಿ ತೆರೆದೆ. ಶಾರದೆ ನನಗಿಂತ ಮುಂಚೆ ತೆರೆದಳು.

"ಹೂಂ ಅಣ್ಣ. ಮಣೆ ಚೆನ್ನಾಗೇ ಆಗಿತ್ತು. ಆದ್ರೆ ಒಂದು ದೊಡ್ಡ ಇಲಿ ಇದೆ ನಮ್ಮನೇಲಿ. ಕನ್ನಡಕ ಹಾಕ್ತದೆ."

ತವರುಮನೆಯವರೆಲ್ಲ ನಕ್ಕರು. ಅವಳೂ ನಕ್ಕಳು. ಅವಳ ಮರ್ಯಾದೆ ಉಳಿಯಿತು.

ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಊಟದ ಪಂಕ್ತಿ ಯಾವ ಕಡೆ ಎಂದು ತಡಕುತ್ತ ಹೊರಟೆ.